ಅಪ್ಪನ ಕೊಳಗ

ಸಾಗರ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಶಿವಮೊಗ್ಗದ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಬಂದಿದ್ದರು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಎರಡು ತಿಂಗಳಿಂದ ಯಾವ ಸಭೆಗೂ ಹೋಗಿಲ್ಲ, ಮೈಕ್ ಕಂಡರೆ ಎದೆ ಡವಡವ, ರಾತ್ರಿ ನಿದ್ದೆಯಿಲ್ಲ. ಕೂತವರೇ ಜೇಬಿನಿಂದ ನಾಲ್ಕು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಮಡಿಕೆ ಹರಿದಲ್ಲೆಲ್ಲ ಸೆಲೋಟೇಪ್.

ಗೇಣಿದಾರರು ಭೂಒಡೆಯರ ವಿರುದ್ಧ ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಬಗ್ಗೆ ಬರೆದ ಭಾಷಣ. ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಓದಿದಾಗ ಚಪ್ಪಾಳೆ ಬಿದ್ದಿತ್ತು. ಸೊಸೈಟಿಯ ಸರ್ವಸದಸ್ಯರ ಸಭೆಯಲ್ಲೂ ಅದನ್ನೇ ಓದಿದರು, ಜನ ಊಟಕ್ಕೆ ಎದ್ದರು. ಆಮೇಲೆ ಗೆಳೆಯರೊಬ್ಬರ ನುಡಿನಮನದಲ್ಲಿ.

"ಇಪ್ಪತ್ತು ನಿಮಿಷ ಓದ್ದೆ ಮೇಡಂ. ಅತ್ತಿಗೆ, ಅಂದ್ರೆ ಗೆಳೆಯನ ಹೆಂಡತಿ, ನಡುವೆ ಎದ್ದು ಒಳಗೆ ಹೋದ್ರು. ಬಾಗಿಲು ಹಾಕ್ಕೊಂಡ ಸದ್ದು ಕೇಳ್ತು. ಆದ್ರೂ ನಿಲ್ಲಿಸ್ಲಿಲ್ಲ."

ಯಾಕೆ ಎಂದೆ.

"ಅಪ್ಪ ಆ ಹೋರಾಟದಲ್ಲಿ ಜೈಲಿಗೆ ಹೋದವರು. ಒಂದು ಸಾಲು ಬಿಟ್ರೂ ದ್ರೋಹ ಅನ್ಸತ್ತೆ."

ಅಪ್ಪ ಈ ಕಥೆಯನ್ನು ಹೇಗೆ ಹೇಳುತ್ತಿದ್ದರು ಎಂದು ಕೇಳಿದೆ. "ನಮಗೆಲ್ಲ ಮನೆಯ ಕೊಳಗ, ಭತ್ತ ಅಳೆಯೋ ಪಾತ್ರೆ, ಮುಂದಿಟ್ಟು, ಗೇಣಿ ಅಳೆಯೋ ಒಡೆಯರ ಕೊಳಗ ಇದಕ್ಕಿಂತ ಇಷ್ಟು ದೊಡ್ಡದು ಅಂತ ಕೈ ಅಗಲಿಸ್ತಿದ್ರು." ಅಮ್ಮನಿಗೆ? "ಜೈಲಿನ ಊಟದ ಮಾತು ಮಾತ್ರ..." ಅಷ್ಟಕ್ಕೇ ನಿಲ್ಲಿಸಿ ಹಾಳೆಗಳನ್ನೇ ನೋಡುತ್ತ ಕೂತರು.

ಎದೆಬಡಿತಕ್ಕೆ ಮೊದಲು ವೈದ್ಯರನ್ನು ಕಾಣಲು ಹೇಳಿದೆ. ಹಾಳೆಗಳು ಮನೆಯಲ್ಲಿರಲಿ, ಅಟ್ಟದ ಮೇಲಿನ ಕೊಳಗ ಇಳಿಯಲಿ. ಶಾಲೆಗಾದರೆ ಮಕ್ಕಳ ಎದುರೇ ಭತ್ತ ಅಳೆದು ತೋರಿಸಿ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದದ್ದು, ಉಳುವವರಿಗೆ ಭೂಮಿಯ ಹಕ್ಕು ಕೊಟ್ಟ 1974ರ ಭೂಸುಧಾರಣೆ ಇವೆಲ್ಲ ದೊಡ್ಡ ತರಗತಿಯವರಿಗಿರಲಿ. ಸೊಸೈಟಿಗೆ ಬಂದವರ ತಲೆಯಲ್ಲಿ ಅಡಿಕೆ ದರ, ಡಿವಿಡೆಂಡ್ ಇರುತ್ತದೆ. ಅಲ್ಲಿ ತೂಕದ ನ್ಯಾಯದಿಂದಲೇ ಶುರುಮಾಡಿ ಐದು ನಿಮಿಷದಲ್ಲಿ ಮುಗಿಸಿ. ಯಾರು ಬರುತ್ತಾರೆ, ನನಗಿಂತ ಮೊದಲು ಯಾರ ಮಾತು, ಊಟ ಎಷ್ಟು ಹೊತ್ತಿಗೆ ಎಂದು ಕರೆಯಲು ಬಂದವರನ್ನೇ ಕೇಳಿಬಿಡಿ. ನುಡಿನಮನದಲ್ಲಿ ಕಾಗೋಡು ಬೇಡವೇ ಬೇಡ, ತೀರಿಕೊಂಡವರ ಬಗ್ಗೆ ಕಣ್ಣಾರೆ ಕಂಡದ್ದು ಒಂದು ಸಾಕು.

ಅತ್ತಿಗೆಯ ಮನೆಗೆ ಹೋಗಿಬನ್ನಿ ಎಂದೂ ಹೇಳಿದೆ. ಸಮಜಾಯಿಷಿ ಬೇಡ, "ಅವತ್ತು ಅವನ ಮಾತು ಆಡಬೇಕಿತ್ತು, ಆಡಲಿಲ್ಲ" ಎಂದರೆ ಸಾಕು. ಇದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಮೂರನೇ ಭೇಟಿಗೆ ಬಂದಾಗ ಹೋಗಿಬಂದಿದ್ದರು. ಅತ್ತಿಗೆ ಕಾಫಿ ಕೊಟ್ಟು, "ಈಗ ಹೇಳಿ ಮೇಷ್ಟ್ರೇ" ಎಂದರಂತೆ. ಶರಾವತಿ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚ್‌ನಲ್ಲಿ ಜಡಿಮಳೆಗೆ ಸಿಕ್ಕಾಗ ಗೆಳೆಯ ಮಕ್ಕಳ ಉತ್ತರಪತ್ರಿಕೆಯ ಕಟ್ಟನ್ನು ಅಂಗಿಯೊಳಗೆ ಅವುಚಿಕೊಂಡು, ತಾನು ತೊಯ್ದು ತೊಪ್ಪೆಯಾಗಿ ದಡ ಸೇರಿದ್ದನ್ನು ಇವರು ಹೇಳಿದರು. ಅತ್ತಿಗೆಗೆ ಅದು ಗೊತ್ತೇ ಇರಲಿಲ್ಲವಂತೆ.