ಕಾರಿನ ಮುಂದಿನ ಎರಡು ಟಯರ್ ಒಳಬದಿ ಮಾತ್ರ ಸವೆದದ್ದು, ಹೊಸತು ಯಾವುದು ಹಾಕುದು?

25,000 ಕಿಮೀಗೇ ಎರಡೂ ಟಯರ್ ಒಳಬದಿ ಮಾತ್ರ ಸವೆದದ್ದು ಅಂದ್ರೆ ಹೆಚ್ಚಾಗಿ ಅಲೈನ್‌ಮೆಂಟ್ (ಚಕ್ರ ಕೂತಿರುವ ಕೋನ) ತಪ್ಪಿದ್ದು. ಚಕ್ರ ಹಿಡಿದಿಡುವ ಬುಷ್, ಬಾಲ್ ಜಾಯಿಂಟ್ ಲೂಸಾದ್ರೂ ಹೀಗೇ ಆಗ್ತದೆ, ಗಾಡಿ ನೋಡದೆ ಯಾವುದು ಅಂತ ಹೇಳ್ಲಿಕ್ಕಾಗುದಿಲ್ಲ. ಮೊದಲು ಅದನ್ನು ಚೆಕ್ ಮಾಡಿಸಿ, ಇಲ್ಲದಿದ್ರೆ ಹೊಸತೂ ಹಾಗೇ ಹೋಗ್ತದೆ. ಸೈಜ್ ಡ್ರೈವರ್ ಡೋರಿನ ಸ್ಟಿಕ್ಕರಲ್ಲಿ ಇರುದೇ ತಗೊಳ್ಳಿ. ನೀವು ದಿನಾ ಬದಿಯಡ್ಕದಿಂದ ಕಾಸರಗೋಡಿಗೆ ಹೋಗುವವ್ರು, ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಮಳೆಯೇ, ಹಾಗಾಗಿ ಲೈಫ್ ಸ್ವಲ್ಪ ಕಮ್ಮಿಯಾದ್ರೂ ಒದ್ದೆ ರೋಡಲ್ಲಿ ಗ್ರಿಪ್ ಇರುವ ಟಯರೇ ಬೇಕು, ಗಟ್ಟಿ ರಬ್ಬರಿಂದು ಜಾಸ್ತಿ ಓಡ್ತದೆ ಆದ್ರೆ ಮಳೆಗೆ ಬ್ರೇಕ್ ಹಾಕುವಾಗ ಜಾರ್ತದೆ, ಅಲ್ಲಿ ದುಡ್ಡು ಉಳಿಸ್ಬೇಡಿ ಮಾರ್ರೆ. ಎರಡೇ ತಗೊಳ್ಳುದಾದ್ರೆ ಹೊಸತನ್ನು ಹಿಂದೆ ಹಾಕಿ, ಹಿಂದಿನದ್ದು ಮುಂದೆ. ಅಂಗಡಿಯಲ್ಲಿ ಟಯರಿನ ಸೈಡಲ್ಲಿರುವ 4 ಅಂಕಿ ನೋಡಿ, 1025 ಅಂದ್ರೆ 2025ರ 10ನೇ ವಾರದ್ದು. ವರ್ಷಕ್ಕಿಂತ ಹಳೆದಾದ್ರೆ ಬೇರೆ ಕೇಳಿ. ಫಿಟ್ ಮಾಡಿದ ದಿನವೇ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಮಾಡುದು), ಅಲೈನ್‌ಮೆಂಟ್ ಎರಡೂ ಮಾಡಿಸಿ.