ಸಿನಿಮಾ ಪ್ರಶ್ನೋತ್ತರ: ಬಾವ ಬಂದರು, ದೆವ್ವ ಬಂತು, ರೇಟಿಂಗ್ ಮಾತ್ರ ಬರಲಿಲ್ಲ

ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಅರ್ಧಕ್ಕಿಂತ ಹೆಚ್ಚು ಬೈಗುಳ. ಬೈದವರ ಕನ್ನಡ ಹೊಗಳಿದವರ ಕನ್ನಡಕ್ಕಿಂತ ಚೆನ್ನಾಗಿದೆ, ಹಾಗಾಗಿ ಮೊದಲು ಅವರಿಗೇ ಉತ್ತರ.

‘ಸು ಫ್ರಮ್ ಸೋ’ ಬಗ್ಗೆ ಪುಟಗಟ್ಟಲೆ ಹೊಗಳಿದಿರಿ. ಅಶೋಕ ಹೆಣ್ಣುಮಗಳ ಬಚ್ಚಲಲ್ಲಿ ಇಣುಕಿದ್ದಕ್ಕೆ ತಾನೇ ಅಷ್ಟೆಲ್ಲ ರಾದ್ಧಾಂತ? ಅದರ ಬಗ್ಗೆ ಒಂದು ಸಾಲೂ ಇಲ್ಲ. ನಿಮ್ಮ ಕಣ್ಣಿಗೆ ಬೀಳಲಿಲ್ವಾ ಸಾರ್? (ಓದುಗಿ, ಪುತ್ತೂರು)

ಬಿತ್ತು ಅಕ್ಕ. ಎಲ್ಲರ ಜೊತೆ ನಕ್ಕು ಮುಂದೆ ಹೋದೆ. ತಪ್ಪು ನನ್ನದೇ.

ನೋಡದವರಿಗಾಗಿ ಎರಡು ಮಾತು. ಮರ್ಲೂರು ಅನ್ನೋ ಕರಾವಳಿಯ ಊರು. ಅಲ್ಲಿ ಪೇಂಟಿಂಗ್ ಕೆಲಸ ಮಾಡಿಕೊಂಡಿರುವ ಅಶೋಕ ಮಾಡಬಾರದ್ದು ಮಾಡಿ ಸಿಕ್ಕಿಬೀಳುತ್ತಾನೆ. ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದವನ ಹಾಗೆ ನಟಿಸುತ್ತಾನೆ. ಯಾರ ದೆವ್ವ ಅಂತ ಕೇಳಿದರೆ ‘ಸುಲೋಚನಾ, ಸೋಮೇಶ್ವರದಿಂದ’. ಅಲ್ಲಿಂದ ಊರಿಗೆ ಊರೇ ಏಳುತ್ತದೆ. ಜೆ.ಪಿ. ತುಮಿನಾಡು ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ತಾನೇ ಮಾಡಿದ್ದಾರೆ.

ನನಗೆ ಇಷ್ಟವಾಗಿದ್ದು ಆ ಊರು. ಕುಡಿದು ಬಂದ ಬಾವನನ್ನು ಹೇಗೆ ಸಂಭಾಳಿಸಬೇಕು ಅಂತ ಅಲ್ಲಿ ಎಲ್ಲರಿಗೂ ಗೊತ್ತು, ಯಾರೂ ಹೇಳಿಕೊಡಬೇಕಾಗಿಲ್ಲ. ಊರಿಗೇ ಹಿರಿಯಣ್ಣನಂಥ ರವಿಯಣ್ಣ ಹತ್ತಿರ ಬಂದರೆ ಹುಡುಗರ ದನಿ ತಾನಾಗಿ ತಗ್ಗುತ್ತದೆ. ಯಾರಿಗೆ ಯಾರು ಏನಾಗಬೇಕು, ಯಾರ ಮೇಲೆ ಯಾರಿಗೆ ಸಿಟ್ಟು, ಇದನ್ನೆಲ್ಲ ಬಾಯಲ್ಲಿ ಹೇಳಿಸದೆ ಅವರು ನಿಂತ ರೀತಿಯಲ್ಲೇ ತೋರಿಸುತ್ತಾರೆ. ಇಂಥದ್ದು ಊರಲ್ಲಿ ಬೆಳೆದವರಿಗೆ ಮಾತ್ರ ಬರುತ್ತದೆ, ರೆಸಾರ್ಟ್‌ನಲ್ಲಿ ರೂಮ್ ಹಾಕಿ ಕಥೆ ಬರೆದರೆ ಬರಲ್ಲ.

ಆದರೆ ನಿಮ್ಮ ಮಾತು ಸರಿ. ದ್ವಿತೀಯಾರ್ಧದಲ್ಲಿ ಸುಲೋಚನಾಳ ಮಗಳು ಭಾನು ಬಂದ ಮೇಲೆ ಸಿನಿಮಾ ಹೆಣ್ಣಿನ ಕಷ್ಟದ ಬಗ್ಗೆ ಗಂಭೀರವಾಗಿ ಮಾತಾಡುತ್ತದೆ. ಅಷ್ಟು ಗಂಭೀರ ಆಗುವವರು ಮೊದಲಿನ ಆ ಕಿಟಕಿಯ ಹತ್ತಿರ ಒಮ್ಮೆಯಾದರೂ ತಿರುಗಿ ಹೋಗಬೇಕಿತ್ತು. ಅಶೋಕನಿಗೆ ಭಾನುವಿನ ಮುಂದೆ ನಾಚಿಕೆಯಾಗುತ್ತದೆ, ಬಚ್ಚಲಲ್ಲಿದ್ದ ಆ ಹುಡುಗಿಯ ಮುಂದೆ ಆಗುವುದೇ ಇಲ್ಲ. ಇದನ್ನು ನಾನು ಮೊದಲೇ ಬರೆಯಬೇಕಿತ್ತು. ಬರೆದಿದ್ದರೂ ಸಿನಿಮಾ ನನಗೆ ಇಷ್ಟವೇ ಆಗಿರುತ್ತಿತ್ತು, ಅದು ಬೇರೆ ಮಾತು.

‘ಕಾಂತಾರ ಚಾಪ್ಟರ್ 1’ ನೂರಾರು ಕೋಟಿ ಮಾಡಿದೆ. ನೀವು ಮಾತ್ರ ಕೊಂಕು ತೆಗೆದಿರಿ. ಅಷ್ಟು ಜನ ದಡ್ಡರಾ? (ಅಭಿಮಾನಿ, ಕೆ.ಆರ್. ಪೇಟೆ)

ಅಲ್ಲ ಸ್ವಾಮಿ. ಆ ದುಡ್ಡಿನಲ್ಲಿ ನಂದೂ ಎರಡು ಟಿಕೆಟ್ ಇದೆ.

ರಥ ಕೈತಪ್ಪಿ ಓಡುವ ದೃಶ್ಯದಲ್ಲಿ ನಾನೂ ಸೀಟಿನ ಅಂಚಿಗೆ ಬಂದು ಕೂತಿದ್ದೆ. ಅರವಿಂದ್ ಕಶ್ಯಪ್ ಕ್ಯಾಮೆರಾ ಹೊಗಳಲು ನನ್ನ ಹತ್ತಿರ ಹೊಸ ಪದ ಉಳಿದಿಲ್ಲ. ರುಕ್ಮಿಣಿ ವಸಂತ್ ಮಾಡಿದ ಕನಕವತಿ ಮೊದಲು ಒಂದು ಥರ ಕಂಡು ಆಮೇಲೆ ಇನ್ನೊಂದು ಥರ ಆಗುತ್ತಾಳಲ್ಲ, ಅದನ್ನು ಆಕೆ ಕಣ್ಣಿನಲ್ಲೇ ದಾಟಿಸುತ್ತಾರೆ. ಇದನ್ನೆಲ್ಲ ಬರೆದಿದ್ದೆ. ನೀವು ಕೊಂಕು ಮಾತ್ರ ಓದಿದಿರಿ.

ನನ್ನ ತಕರಾರು ಇಷ್ಟೇ. 2022ರ ‘ಕಾಂತಾರ’ದಲ್ಲಿ ದೈವದಷ್ಟೇ ನೆನಪಿರುವುದು ಕಮಲಕ್ಕ. ಮಾನಸಿ ಸುಧೀರ್ ಮಾಡಿದ ಆ ತಾಯಿ ಮಗನಿಗೆ ಬೈಯುವ ಬೈಗುಳ. ಅದು ಪಕ್ಕದ ಮನೆಯಿಂದ ಕೇಳಿದ ಹಾಗಿತ್ತು. ಆ ಮನೆ ಗೊತ್ತಿದ್ದದ್ದಕ್ಕೇ ಕೊನೆಗೆ ಆ ಮಗ ಶಿವನ ಮೈಮೇಲೆ ದೈವ ಬಂದಾಗ ನಮ್ಮ ರೋಮ ನಿಂತಿತು. ಈ ಸಲ ಕಾಲ ದೊಡ್ಡದು, ಅರಮನೆ ದೊಡ್ಡದು, ಸೈನ್ಯ ದೊಡ್ಡದು. ಆದರೆ ನಾಯಕ ಬೆರ್ಮೆಯ ಅಕ್ಕಪಕ್ಕ ಇರುವವರಲ್ಲಿ ಯಾರು ಸತ್ತರೂ ‘ಅಯ್ಯೋ ಇವನಾ’ ಅನ್ನಿಸಲಿಲ್ಲ, ಯಾಕಂದ್ರೆ ಅವನು ಬದುಕಿದ್ದಾಗ ಏನು ತಿನ್ನುತ್ತಿದ್ದ, ಯಾರ ಹತ್ತಿರ ಜಗಳ ಆಡುತ್ತಿದ್ದ ಅಂತ ನೋಡಲು ಸಿನಿಮಾಗೆ ಪುರುಸೊತ್ತೇ ಇರಲಿಲ್ಲ. ಮಧ್ಯೆ ಹಾಕಿದ ಹಾಸ್ಯ ಈ ಕಾಲದ್ದು, ಆ ಕಾಲದ ಬಟ್ಟೆ ಹಾಕಿಕೊಂಡು ಬಂದಿದೆ.

ಥಿಯೇಟರ್‌ಗೆ ದೈವದ ವೇಷ ಹಾಕಿಕೊಂಡು ಬಂದವರ ಬಗ್ಗೆ? (ಬೈಂದೂರು)

ಬೇಡ ಅಂತ ಚಿತ್ರತಂಡವೇ ಕೈಮುಗಿದು ಕೇಳಿಕೊಂಡಿತ್ತು. ಅದಕ್ಕಿಂತ ಜಾಸ್ತಿ ನಾನೇನು ಹೇಳಲಿ?

ನಾವು ಗಂಡ ಹೆಂಡತಿ, ಇಬ್ಬರು ಮಕ್ಕಳು. ಮಾಲ್‌ಗೆ ಹೋದರೆ ಸಾವಿರದೈನೂರಕ್ಕೆ ಕಮ್ಮಿ ಇಲ್ಲ. ಇನ್ನೂರು ರೂಪಾಯಿ ಮಿತಿ ಅಂದರಲ್ಲ, ಎಲ್ಲಿ ಹೋಯ್ತು? (ಬೆಂಗಳೂರು, ವಿಜಯನಗರ)

ಸರ್ಕಾರ 2025ರ ಸೆಪ್ಟೆಂಬರ್ 12ಕ್ಕೆ ಆದೇಶ ಹೊರಡಿಸಿತು. ತೆರಿಗೆ ಬಿಟ್ಟು 200 ರೂಪಾಯಿ, 75ಕ್ಕಿಂತ ಹೆಚ್ಚು ಸೀಟಿಲ್ಲದ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ. ಸೆಪ್ಟೆಂಬರ್ 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಹನ್ನೊಂದು ದಿನ. ನಮ್ಮಲ್ಲಿ ಎಷ್ಟೋ ಸಿನಿಮಾಗಳು ಅಷ್ಟೂ ದಿನ ಓಡಲ್ಲ, ಆ ಲೆಕ್ಕದಲ್ಲಿ ಆದೇಶ ಹಿಟ್ ಅಂತಲೇ ಹೇಳಬೇಕು.

ಜೋಕು ಪಕ್ಕಕ್ಕಿಡಿ. ದುಬಾರಿ ಟಿಕೆಟ್ ದೊಡ್ಡ ಸಿನಿಮಾವನ್ನು ಕೊಲ್ಲಲ್ಲ. ‘ವರ್ಷಕ್ಕೆ ಎರಡೇ ಸಿನಿಮಾ’ ಅಂತ ಮನೆಯಲ್ಲಿ ತೀರ್ಮಾನ ಆದ ಮೇಲೆ ಆ ಎರಡು ಯಾವಾಗಲೂ ದೊಡ್ಡವೇ. ಪೆಟ್ಟು ಬೀಳುವುದು ಮೂರನೆಯದಕ್ಕೆ. ಸುಮ್ನೆ ನೋಡಿ ಬರೋಣ ಅಂತ ಹೋಗುವ ಸಿನಿಮಾ ಇರುತ್ತಲ್ಲ, ಅದಕ್ಕೆ.

ಆ ಮೂರನೆಯದು ಯಾವುದು ಅಂತ ಹೆಸರು ಹೇಳಿ ನೋಡೋಣ. (ಅದೇ ವಿಜಯನಗರದವರ ಮಗಳು, ಅದೇ ಪತ್ರದ ಕೆಳಗೆ ಪೆನ್ಸಿಲಿನಲ್ಲಿ)

‘ಮಿಥ್ಯ’. 2025ರ ಮಾರ್ಚಿನಲ್ಲಿ ಬಂತು. ಸುಮಂತ್ ಭಟ್ ನಿರ್ದೇಶನ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದು ವರ್ಷದ ಹುಡುಗನನ್ನು ಮುಂಬೈಯಿಂದ ಉಡುಪಿ ಕಡೆಯ ಚಿಕ್ಕಮ್ಮನ ಮನೆಗೆ ಕರೆತರುತ್ತಾರೆ. ಕಥೆ ಅಷ್ಟೇ. ಅಳುವ ಸೀನ್‌ಗಾಗಿ ನಾನು ಕಾದೆ, ಆ ಹುಡುಗ ಅಳಲಿಲ್ಲ. ಅಥೀಶ್ ಶೆಟ್ಟಿ ಅಂತ ಹೆಸರು ಅವನದು, ಮುಖ ಬಿಗಿ ಹಿಡಿದುಕೊಂಡೇ ಇರುತ್ತಾನೆ, ನೋಡುತ್ತಾ ನೋಡುತ್ತಾ ನಮ್ಮ ದವಡೆಯೇ ನೋಯಲು ಶುರುವಾಗುತ್ತದೆ. ಚಿಕ್ಕಪ್ಪನ ಪಾತ್ರದಲ್ಲಿ ಪ್ರಕಾಶ್ ತುಮಿನಾಡು. ಹೌದಮ್ಮ, ‘ಸು ಫ್ರಮ್ ಸೋ’ದಲ್ಲಿ ನಿನ್ನನ್ನು ಬಿದ್ದು ಬಿದ್ದು ನಗಿಸಿದವರೇ. ಇಲ್ಲಿ ಮನೆಗೆ ಇನ್ನೊಂದು ಹೊಟ್ಟೆ ಬಂತಲ್ಲ ಅನ್ನೋ ಲೆಕ್ಕವೂ, ಹುಡುಗನ ಮೇಲಿನ ಕನಿಕರವೂ ಒಂದೇ ಮುಖದಲ್ಲಿ. ಒಂದೇ ವರ್ಷದಲ್ಲಿ ಒಬ್ಬ ನಟನ ಎರಡು ಕೆಲಸ. ಒಂದನ್ನು ಊರೆಲ್ಲ ನೋಡಿತು, ಇನ್ನೊಂದಕ್ಕೆ ನಾನು ಹೋದ ಶೋನಲ್ಲಿ ಒಂಬತ್ತು ಜನ ಇದ್ದೆವು.

ಓಟಿಟಿಗೆ ಬಂದ ಮೇಲೆ ನೋಡಿದರೆ ಆಗಲ್ವಾ? ಹೇಗೂ ಒಂದು ತಿಂಗಳಲ್ಲಿ ಬಂದೇ ಬರುತ್ತೆ. (ಶಿವಮೊಗ್ಗ)

ಬರುವವು ಬರುತ್ತವೆ. ‘ಕಾಂತಾರ ಚಾಪ್ಟರ್ 1’ 2025ರ ಅಕ್ಟೋಬರ್ 2ಕ್ಕೆ ಥಿಯೇಟರ್‌ಗೆ, 31ಕ್ಕೆ ಪ್ರೈಮ್‌ಗೆ. ‘ಸು ಫ್ರಮ್ ಸೋ’ ಜುಲೈ 25ಕ್ಕೆ ತೆರೆಗೆ, ಸೆಪ್ಟೆಂಬರ್ 9ಕ್ಕೆ ಜಿಯೋ ಹಾಟ್‌ಸ್ಟಾರ್‌ಗೆ. ಎರಡೂ ಗೆದ್ದ ಕುದುರೆಗಳು. ಗೆಲ್ಲದ ಕನ್ನಡ ಸಿನಿಮಾಗೆ ಆ ಬಾಗಿಲು ಅಷ್ಟು ಸುಲಭವಾಗಿ ತೆಗೆಯಲ್ಲ. ‘ಏಕಂ’ ಸರಣಿ ನೆನಪಿದೆಯಾ? ರಕ್ಷಿತ್ ಶೆಟ್ಟಿಯಂಥವರು ಬೆನ್ನಿಗಿದ್ದೂ ಯಾವ ಓಟಿಟಿಯೂ ತಗೊಳ್ಳಲಿಲ್ಲ, ಕೊನೆಗೆ 2024ರಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ ತೋರಿಸಿದರು. ಹಾಗಾಗಿ ‘ಆಮೇಲೆ ನೋಡ್ತೀನಿ’ ಅನ್ನೋದು ಕೆಲವು ಸಿನಿಮಾಗಳ ಮಟ್ಟಿಗೆ ‘ನೋಡಲ್ಲ’ ಅಂತಲೇ ಅರ್ಥ. ಇದನ್ನು ಹೇಳುತ್ತಿರುವ ನಾನೇ ‘ಶಾಖಾಹಾರಿ’ಯನ್ನು ಮನೆಯಲ್ಲಿ ಕೂತು ನೋಡಿದವನು. ರಂಗಾಯಣ ರಘು ಕತ್ತಲಲ್ಲಿ ಸುಮ್ಮನೆ ಕೂತಿರುವಾಗ ನಮ್ಮನೆ ಮಿಕ್ಸಿ ಶುರುವಾಯಿತು.

‘ದಿ ಡೆವಿಲ್’ ಬುಕ್ ಮಾಡಲು ಹೋದರೆ ರೇಟಿಂಗೇ ಇಲ್ಲ, ಕೋರ್ಟ್ ಆದೇಶ ಅಂತ ಬರೆದಿದೆ. ಇದು ಸರೀನಾ? (ಮಂಡ್ಯ)

ದುಡ್ಡು ತಗೊಂಡು ಸಾವಿರಗಟ್ಟಲೆ ಸುಳ್ಳು ಖಾತೆಯಿಂದ ಒಂದು ಸ್ಟಾರ್ ಒತ್ತುವವರು ಇದ್ದಾರೆ, ಕೋರ್ಟಿಗೆ ಹೋದ ನಿರ್ಮಾಪಕರ ಭಯ ಕಟ್ಟುಕಥೆಯಲ್ಲ. ಆದರೆ ಹತ್ತಕ್ಕೆ ಒಂಬತ್ತೂವರೆ ಬಂದಾಗ ಅದೇ ರೇಟಿಂಗ್ ಪೋಸ್ಟರ್ ಮೇಲೆ ಹಾಕಿಕೊಳ್ಳುವವರೂ ಇವರೇ ಅಲ್ವಾ. ಬಾಗಿಲು ಮುಚ್ಚಿದರೆ ಕಳ್ಳನೂ ಬರಲ್ಲ, ನೆಂಟನೂ ಬರಲ್ಲ. ಟಿಕೆಟ್ ಕೊಂಡವನು ಚೆನ್ನಾಗಿಲ್ಲ ಅಂದರೆ ಅದು ಅವನ ಹಕ್ಕು. ಹೇಗೂ ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ ಯಾವ ಕೋರ್ಟೂ ತಡೆ ಕೊಡಲ್ಲ.

ನೀವ್ಯಾಕೆ ಸ್ಟಾರ್ ಕೊಡಲ್ಲ? (ಗದಗ)

ಒಮ್ಮೆ ಕೊಟ್ಟಿದ್ದೆ. ಎರಡೂವರೆ. ಆಮೇಲೆ ನಾಲ್ಕು ತಿಂಗಳು ಎಲ್ಲಿ ಹೋದರೂ ಆ ಅರ್ಧ ಎಲ್ಲಿಂದ ಬಂತು ಅಂತಲೇ ಕೇಳಿದರು. ಬರೆದದ್ದನ್ನು ಒಬ್ಬರೂ ಕೇಳಲಿಲ್ಲ.

‘ಮಾರ್ಕ್’, ‘45’ ಎರಡೂ ಕ್ರಿಸ್‌ಮಸ್‌ಗೇ ಬಂದವು. ಯಾರು ಗೆದ್ದರು ಹೇಳಿ, ಜಾರಿಕೊಳ್ಳಬೇಡಿ. (ಚಿತ್ರದುರ್ಗ)

ಜಾರಿಕೊಳ್ಳುತ್ತೇನೆ. ಸುದೀಪ್ 2024ರ ಕ್ರಿಸ್‌ಮಸ್‌ಗೆ ‘ಮ್ಯಾಕ್ಸ್’ ಕೊಟ್ಟರು, 2025ರದಕ್ಕೆ ಅದೇ ನಿರ್ದೇಶಕರ ಜೊತೆ ‘ಮಾರ್ಕ್’. ಮತ್ತೆ ಪೊಲೀಸೇ. ಆ ಓಟ ನನಗೆ ಮೊದಲ ಸಲ ಹಿಡಿಸಿದಷ್ಟು ಎರಡನೇ ಸಲ ಹಿಡಿಸಲಿಲ್ಲ. ‘45’ರಲ್ಲಿ ಸಂಗೀತದ ಅರ್ಜುನ್ ಜನ್ಯ ಮೊದಲ ಸಲ ನಿರ್ದೇಶಕರ ಕುರ್ಚಿಯಲ್ಲಿ ಕೂತಿದ್ದಾರೆ. ಶಿವಣ್ಣ, ಉಪ್ಪಿ, ರಾಜ್ ಬಿ. ಶೆಟ್ಟಿ ಮೂವರನ್ನೂ ಒಂದೇ ಚೌಕಟ್ಟಿಗೆ ತಂದ ಧೈರ್ಯ ಮೆಚ್ಚಿದೆ. ಗರುಡ ಪುರಾಣವನ್ನು ಅಷ್ಟೊಂದು ಬಿಡಿಸಿ ಬಿಡಿಸಿ ಹೇಳಬೇಕಿರಲಿಲ್ಲ. ಅಭಿಮಾನಿಗಳ ಜಗಳಕ್ಕೆ ನನ್ನ ಹತ್ತಿರ ಪಂಚಾಯ್ತಿ ಕಟ್ಟೆ ಇಲ್ಲ.

ನಮ್ಮ ಅಪ್ಪನಿಗೆ ಕಿವಿ ಸ್ವಲ್ಪ ಮಂದ. ಈಗಿನ ಕನ್ನಡ ಸಿನಿಮಾದಲ್ಲಿ ಮಾತೇ ಕೇಳಿಸಲ್ಲ ಅಂತಾರೆ. ಅವರ ಕಿವಿಯದ್ದಾ ತಪ್ಪು? (ತಿಪಟೂರು)

ಅವರದ್ದಲ್ಲಪ್ಪ. ನನ್ನ ಕಿವಿ ನೆಟ್ಟಗಿದೆ, ನನಗೂ ಕೇಳಿಸಲ್ಲ. ಹೀರೋ ಬಾಯಿ ತೆರೆಯುವ ಹೊತ್ತಿಗೇ ಹಿಂದಿನಿಂದ ನಲವತ್ತು ಡೋಲು ಒಟ್ಟಿಗೆ ಬೀಳುತ್ತವೆ. ದೃಶ್ಯ ತನ್ನಷ್ಟಕ್ಕೆ ನಿಲ್ಲುತ್ತೆ ಅನ್ನೋ ನಂಬಿಕೆ ಇಲ್ಲದವರು ವಾಲ್ಯೂಮ್ ಏರಿಸುತ್ತಾರೆ ಅಂತ ನನ್ನ ಅನುಮಾನ. ಅಪ್ಪನಿಗೆ ‘ಅಜ್ಞಾತವಾಸಿ’ ತೋರಿಸಿ. ಮಲೆನಾಡಿನ ಒಂದು ಊರು, ಅಲ್ಲಿಗೆ ಬರುವ ಮೊದಲ ಕಂಪ್ಯೂಟರ್, ರಂಗಾಯಣ ರಘು ಪೊಲೀಸ್. ನಿಧಾನ, ಆದರೆ ಮೌನಕ್ಕೆ ಹೆದರದ ಸಿನಿಮಾ.

ಹೋದ ತಿಂಗಳು ಒಂದು ಮಾಸ್ ಸಿನಿಮಾಗೆ ಹೋಗಿದ್ದೆ. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜ, ಪಕ್ಕದಲ್ಲಿ ಹತ್ತು ಹನ್ನೆರಡರ ಮೊಮ್ಮಗ. ಎರಡು ನಿಮಿಷಕ್ಕೊಮ್ಮೆ ಅಜ್ಜ ‘ಏನಂದ, ಏನಂದ’ ಅಂತ ಕೇಳೋದು, ಹುಡುಗ ಕಿವಿ ಹತ್ತಿರ ಬಾಯಿಟ್ಟು ಹೇಳೋದು. ಇಂಟರ್ವಲ್ ಆದ ಮೇಲೆ ಹುಡುಗನಿಗೂ ಕೇಳಿಸದ ಹಾಗಾಯಿತು ಅಂತ ಕಾಣುತ್ತೆ, ತಾನೇ ಏನೋ ಒಂದು ಡೈಲಾಗ್ ಕಟ್ಟಿ ಹೇಳಿದ. ಅಜ್ಜ ತೊಡೆ ತಟ್ಟಿಕೊಂಡು ನಕ್ಕರು. ಪರದೆ ಮೇಲೆ ಆಗ ಹೀರೋನ ತಾಯಿ ಸಾಯುತ್ತಿದ್ದಳು.