ಪ್ರತಿ: ಮಳೆಮಾಪಕದ ಗುಣಕ ಬ್ಯಾಟರಿ ತಿನ್ನುತ್ತಿದೆ

ಆಗುಂಬೆಯಲ್ಲಿ ಮಳೆ ಬಿಡುವು ಕೊಟ್ಟ ದಿನವೂ ಮಾಪಕದ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಿಕೊಳ್ಳಬಹುದಾದ ಚಿಪ್) ಬ್ಯಾಟರಿ ಖಾಲಿ ಮಾಡುತ್ತಿದೆ ಎಂದಿದ್ದೀರಿ. ಕಾರಣ ಬಹುಶಃ 16 ಬಿಟ್ ಗುಣಕದ, ಅಂದರೆ ಗುಣಾಕಾರ ಮಾಡುವ ಸರ್ಕ್ಯೂಟ್‌ನ, ಇನ್‌ಪುಟ್‌ಗಳು. ಉತ್ತರ ಯಾರಿಗೂ ಬೇಡದಾಗಲೂ ಅವು ಬದಲಾಗುತ್ತಲೇ ಇರುತ್ತವೆ; ಒಳಗಿನ ಸಂಕಲಕಗಳೆಲ್ಲ (ಕೂಡುವ ಸರ್ಕ್ಯೂಟ್‌ಗಳು) ಸುಮ್ಮನೆ ಕುಣಿಯುತ್ತವೆ.

ಮೊದಲು ಕ್ಲಾಕ್ (ಚಿಪ್‌ನ ಕೆಲಸಕ್ಕೆ ತಾಳ ಹಾಕುವ ಸಂಕೇತ) ನಿಲ್ಲಿಸಿ ಕರೆಂಟ್ ಅಳೆಯಿರಿ. ಇಳಿಯದಿದ್ದರೆ ನನ್ನ ಊಹೆ ತಪ್ಪು: ಅದು ಚಿಪ್ ಸುಮ್ಮನಿದ್ದಾಗಲೂ ಹರಿಯುವ ಸೋರಿಕೆ ಕರೆಂಟ್, ಗುಣಕವನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ವಿದ್ಯುತ್ತನ್ನೇ ಕಡಿತಗೊಳಿಸಬೇಕು. ಇಳಿದರೆ, ಎರಡೂ ಇನ್‌ಪುಟ್‌ಗಳ ಮುಂದೆ ಎನೇಬಲ್ ಇರುವ ರಿಜಿಸ್ಟರ್ ಇಡಿ, ಅಂದರೆ ಅನುಮತಿ ಸಂಕೇತ ಬಂದಾಗ ಮಾತ್ರ ಹೊಸ ಸಂಖ್ಯೆ ಹಿಡಿದಿಡುವ ಪುಟ್ಟ ಸ್ಮೃತಿ. ಮಳೆನೀರು ತುಂಬಿ ಮಾಪಕದ ಪುಟ್ಟ ಬಕೆಟ್ ಮಗುಚಿದಾಗ ಮಾತ್ರ ಹೊಸ ಸಂಖ್ಯೆ ಒಳಗೆ ಹೋಗಲಿ. ಆಮೇಲೂ ಉಳಿಯುವುದು ಹೆಚ್ಚಾಗಿ ಕ್ಲಾಕ್ ಜಾಲದ ಖರ್ಚು. ಕ್ಲಾಕ್ ವೇಗ ತಗ್ಗಿಸಿ.

ಅಷ್ಟಕ್ಕೂ ಗುಣಕವೇ ಏಕೆ? ನಿಮ್ಮ ಬಕೆಟ್ ಒಮ್ಮೆ ಮಗುಚಿದರೆ 0.2 ಮಿ.ಮೀ. ಮಳೆ. ಮಗುಚಿದ ಎಣಿಕೆಯನ್ನು 2ರಿಂದ ಗುಣಿಸಿ ದಶಾಂಶ ಬಿಂದು ಇಟ್ಟರೆ ಮುಗಿಯಿತು. 2ರಿಂದ ಗುಣಿಸುವುದೆಂದರೆ ಎಡಕ್ಕೆ ಒಂದು ಬಿಟ್ ಸರಿಸುವುದು: ಬರೀ ತಂತಿ ಜೋಡಣೆ, ಒಂದು ಗೇಟೂ ಬೇಡ. 10ರಿಂದ ಗುಣಿಸಬೇಕಾದರೆ 8 ಮತ್ತು 2, ಅಂದರೆ ಎರಡು ಸರಿಸುವಿಕೆ, ಒಂದು ಸಂಕಲಕ. ಇದಕ್ಕೆ ಪೂರ್ಣ ಗುಣಕ ಇಡುವುದು ಅಡಿಕೆ ಒಡೆಯಲು ಕೊಡಲಿ ತಂದ ಹಾಗೆ.

ಸಿಮ್ಯುಲೇಶನ್ ಮಾಡುವಾಗ ರೂಟಿಂಗ್ (ಚಿಪ್‌ನೊಳಗೆ ತಂತಿಗಳ ಹಾದಿ ನಿಗದಿ) ನಂತರದ ವಿಳಂಬಗಳನ್ನು ಸೇರಿಸಿ. ಇಲ್ಲದಿದ್ದರೆ ಗ್ಲಿಚ್‌ಗಳು (ವಿದ್ಯುತ್ ತಿನ್ನುವ ಕ್ಷಣಿಕ, ಅನಗತ್ಯ ಏರಿಳಿತಗಳು) ಕಣ್ಣಿಗೇ ಬೀಳುವುದಿಲ್ಲ.